ಹನ್ನೆರಡು ಮೀಟರ್ ಅನುಮಾನ

ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಎಳೆದು ನೋಡುವವಳು ನಮ್ಮ ಮನೆಯಲ್ಲಿ ನಾನೊಬ್ಬಳೇ. ಮೂರನೆಯ ಸಲ ಎಳೆದಾಗ ಬೀಗ ಕೈಗೇ ಬಂದದ್ದೂ ಇದೆ. ಆದ್ದರಿಂದ ಸೋದರತ್ತೆ ನನಗೆ ‘ಪ್ರಶ್ನೆಪತ್ರಿಕೆ’ ಎಂದು ಹೆಸರಿಟ್ಟಿದ್ದರಲ್ಲಿ ನಾನು ತಪ್ಪು ಹುಡುಕಲಾರೆ. ಹುಡುಕಿದ್ದೇನೆ, ಸಿಕ್ಕಿಲ್ಲ.

ಅತ್ತೆಯದು ಬಾಟಿಕ್ ಬಟ್ಟೆಯ ಕಾರ್ಖಾನೆ. ಕಾರ್ಖಾನೆ ಎಂದರೆ ಅವರ ಮನೆಯ ಹಿಂದಿನ ಎರಡು ಕೋಣೆ, ಒಂದು ಅಂಗಳ. ಮೊದಲ ಕೋಣೆಯಲ್ಲಿ ಒಲೆಯ ಮೇಲೆ ಮೇಣ ಕರಗುತ್ತಿರುತ್ತದೆ. ಅಲ್ಲಿ ಬಟ್ಟೆಗೆ ಕುಂಚದಿಂದ ಮೇಣ ಹಚ್ಚುವ ಮೇಣದಜ್ಜನದೇ ರಾಜ್ಯ. ಅಂಗಳದಲ್ಲಿ ಬಣ್ಣದ ತೊಟ್ಟಿ, ಕುದಿಯುವ ಹಂಡೆ ಮತ್ತು ಮೊಣಕೈವರೆಗೆ ಶಾಶ್ವತವಾಗಿ ನೀಲಿಯಾಗಿರುವ ನೀಲಿಯಕ್ಕ. ಎರಡನೆಯ ಕೋಣೆಯ ಕಿಟಕಿಯ ಕೆಳಗೆ ಒಂದು ಅಗಲವಾದ ಮೇಜು. ಬಟ್ಟೆಗೆ ಹೂ ಬಳ್ಳಿ ಬರೆದುಕೊಡುತ್ತಿದ್ದ ಚಿತ್ರಗಾರರು ಬೇರೆ ಕಡೆ ಕೆಲಸ ಹಿಡಿದು ಹೋದ ಮೇಲೆ ಅದರ ಮೇಲೆ ಹಳೆಯ ಬಕೆಟ್ಟು, ಹರಿದ ಕೊಡೆ, ಯಾರೋ ಬಿಟ್ಟುಹೋದ ಟೋಪಿ ಕೂತಿದ್ದವು. ಆ ಮೇಜು ನನಗೆ ಬೇಕಾಗಿತ್ತು. ಟೋಪಿಗಿಂತ ನಾನು ಉಪಯೋಗಕ್ಕೆ ಬರುತ್ತೇನೆಂದು ತೋರಿಸಬೇಕಿತ್ತು, ಅಷ್ಟೆ.

ನನ್ನ ವಿಷಯದಲ್ಲಿ ಮನೆಯವರ ಯೋಜನೆ ಬೇರೆ ಇತ್ತು. ದೊಡ್ಡಪ್ಪನಿಗೆ ಪೇಟೆಯಲ್ಲಿ ಮಿಲ್ ಬಟ್ಟೆಯ ಅಂಗಡಿ. ಅಳೆದು ಕತ್ತರಿಸಲು ಒಬ್ಬರು ಬೇಕಾಗಿದ್ದರು.

“ನನ್ನ ಅಂಗಡೀಲಿ ಹೂ ಬರೆಯೋದೇನೂ ಬೇಡ, ಮಿಷನ್ನೇ ಬರೆದು ಕಳಿಸುತ್ತೆ,” ಎಂದಿದ್ದರು ದೊಡ್ಡಪ್ಪ. “ನೀನು ಅಳೆದ್ರೆ ಸಾಕು. ಅಳತೇಲಿ ನಿನಗೆ ಅನುಮಾನ ಬಂದು ಎರಡು ಸಲ ಅಳೆದ್ರೂ ಬಟ್ಟೆ ಏನು ಉದ್ದ ಆಗಲ್ಲ.”

ಅಷ್ಟರಲ್ಲಿ ಹೊಸದಾಗಿ ತೆರೆಯಲಿದ್ದ ಹೋಟೆಲೊಂದರಿಂದ ಊಟದ ಮೇಜಿನ ಹಾಸುಗಳಿಗೆ ಬೇಡಿಕೆ ಬಂತು. ಮೊದಲು ಹನ್ನೆರಡು ಮೀಟರ್ ಮಾದರಿ ತೋರಿಸಬೇಕು; ಒಪ್ಪಿಗೆಯಾದರೆ ಮುನ್ನೂರು ಮೀಟರ್. ತಿಳಿನೀಲಿಯ ಮೇಲೆ ಬಿಳಿ ಹೂ ಬೇಕು. ಬರೆಯಲು ಬೇರೆ ಯಾರೂ ಇರಲಿಲ್ಲ.

“ನೀನೇ ಬರಿ,” ಎಂದರು ಅತ್ತೆ. “ಹೋಟೆಲಿನವರು ಒಪ್ಪಿದ್ರೆ ಮೇಜು ನಿಂದು. ಒಪ್ಪದಿದ್ರೆ ಒಂದನೇ ತಾರೀಖಿನಿಂದ ದೊಡ್ಡಪ್ಪನ ಅಂಗಡಿ. ಈಗ ಏನೂ ಕೇಳಬೇಡ, ಬರಿ.”

ನಾನು ದಾಸವಾಳ ಬರೆದೆ. ಒಂಟಿ ಎಸಳಿನ ದಾಸವಾಳ. ಐದು ಎಸಳು, ಪ್ರತಿಯೊಂದರ ಅಂಚು ಪಕ್ಕದ ಎಸಳಿನ ಮೇಲೆ ಸ್ವಲ್ಪ ಏರಿಕೊಂಡದ್ದು, ಪಕ್ಕದಲ್ಲೊಂದು ಮೊಗ್ಗು. ನಾಲ್ಕು ದಿನ ಬರೆದೆ, ಹದಿನಾಲ್ಕು ಕಾಗದ ಹರಿದೆ. ಹದಿನೈದನೆಯದನ್ನು ಮೇಣದಜ್ಜನ ಮುಂದಿಟ್ಟೆ. ಅಜ್ಜ ಕಾಗದವನ್ನು ಒಮ್ಮೆ ನೋಡಿ, ಗೋಡೆಗೆ ಅಂಟಿಸಿ, ಕುಂಚವನ್ನು ಮೇಣದಲ್ಲಿ ಅದ್ದಿದರು.

“ಅಜ್ಜಾ, ಬಟ್ಟೆ ಮೇಲೆ ಮೊದಲು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಡ್ಲಾ?”

“ಯಾಕೆ?”

“ಎಲ್ಲ ಹೂವೂ ಒಂದೇ ಥರ ಬರ್ಲಿ ಅಂತ.”

“ಒಂದೇ ಥರ ಬರೋದಕ್ಕೆ ಅದೇನು ಅಂಗಿ ಗುಂಡಿಯೇ?” ಎಂದರು ಅಜ್ಜ. ಅಲ್ಲಿಗೆ ಆ ಮಾತು ಮುಗಿಯಿತು.

ಬಾಟಿಕ್ ಎಂದರೆ ಎಲ್ಲ ತಿರುವುಮುರುವು. ಬಟ್ಟೆಯಲ್ಲಿ ಎಲ್ಲಿ ಬಿಳಿ ಉಳಿಯಬೇಕೋ ಅಲ್ಲಿ ಕಾದ ಮೇಣ ಹಚ್ಚುತ್ತಾರೆ. ಆಮೇಲೆ ಬಟ್ಟೆಯನ್ನು ತಣ್ಣನೆಯ ಬಣ್ಣದಲ್ಲಿ ಮುಳುಗಿಸುತ್ತಾರೆ. ಮೇಣ ಇದ್ದಲ್ಲಿ ಬಣ್ಣ ಒಳಗೆ ಹೋಗುವುದಿಲ್ಲ. ಕೊನೆಗೆ ಕುದಿಯುವ ನೀರಿಗೆ ಹಾಕಿದರೆ ಮೇಣ ಕರಗಿ ಮೇಲೆ ತೇಲುತ್ತದೆ, ಕೆಳಗೆ ಬಿಳಿ ಹೂ. ಅಂದರೆ ಮಾಡಿದ್ದು ಏನೆಂದು ತಿಳಿಯುವುದು ಎಲ್ಲ ಮುಗಿದ ಮೇಲೆ. ನನ್ನಂಥವಳು ಆರಿಸಿಕೊಳ್ಳಬೇಕಾದ ಕೆಲಸ ಇದಲ್ಲ ಎಂದು ನೀಲಿಯಕ್ಕ ಒಂದೆರಡು ಸಲ ಹೇಳಿದ್ದುಂಟು.

ಒಂಬತ್ತು ದಿನದಲ್ಲಿ ಅಜ್ಜ ಹನ್ನೆರಡು ಮೀಟರ್ ಮುಗಿಸಿದರು. ಇನ್ನೂರ ನಲವತ್ತು ಹೂ. ಊಟವಾದ ಮೇಲೆ ಅವರು ಬೆಂಚಿನ ಮೇಲೆ ಟವೆಲ್ ಮುಚ್ಚಿಕೊಂಡು ಮಲಗಿದಾಗ ನಾನು ಮೆಲ್ಲಗೆ ಹೋಗಿ ನೋಡಿದೆ. ಮೂರನೆಯ ಹೂವಿನಲ್ಲೇ ಕಣ್ಣು ನಿಂತಿತು. ಎಸಳು ಉಲ್ಟಾ. ನನ್ನ ಚಿತ್ರದಲ್ಲಿ ಎಡದ ಎಸಳು ಬಲದ್ದರ ಮೇಲೆ ಏರಿದ್ದರೆ ಇಲ್ಲಿ ಬಲದ್ದು ಎಡದ್ದರ ಮೇಲೆ ಏರಿತ್ತು. ಏಳನೆಯದೂ ಹಾಗೇ. ಹನ್ನೊಂದನೆಯದರಲ್ಲಿ ಮೊಗ್ಗೇ ಇಲ್ಲ.

ಅಜ್ಜನನ್ನು ಎಬ್ಬಿಸಿ ಕೇಳುವ ಧೈರ್ಯ ನನಗಿರಲಿಲ್ಲ. ಹಿಂದೊಮ್ಮೆ ಕೇಳಿದ್ದಕ್ಕೆ ಕುಂಚ ಕೆಳಗಿಟ್ಟು ಟೀ ಕುಡಿಯಲು ಹೋದವರು ಸಂಜೆ ಬಂದಿದ್ದರು. ಹಾಗಾಗಿ ಗುರುತು ಹಾಕಿಟ್ಟುಕೊಂಡು, ಟೀ ಆದ ಮೇಲೆ, ಒಳ್ಳೆಯ ಮಾತಿನಲ್ಲಿ, ಒಂದೊಂದಾಗಿ ತೋರಿಸುವುದೆಂದು ನಿಶ್ಚಯಿಸಿದೆ. ಗುರುತಿಗೆ ದೊಡ್ಡಪ್ಪನ ಅಂಗಡಿಯಿಂದ ತಂದಿದ್ದ ದರ್ಜಿಯ ಕೆಂಪು ಚಾಕ್‌ಪೀಸು ಇತ್ತು. ಅದನ್ನು ತರುವಾಗ ನಾನು ದೊಡ್ಡಪ್ಪನನ್ನು ಕೇಳದೆ ಬಿಟ್ಟಿರಲಿಲ್ಲ: ಇದರ ಗುರುತು ಹೋಗುತ್ತದೆಯೇ, ಪೂರ್ತಿ ಹೋಗುತ್ತದೆಯೇ, ಯಾವ ಬಟ್ಟೆಯಿಂದಲಾದರೂ ಹೋಗುತ್ತದೆಯೇ. “ಬಿಸಿ ತಾಗಿದ್ರೆ ಮಾಯ,” ಎಂದಿದ್ದರು ಅವರು. ಹೇಗಿದ್ದರೂ ಬಟ್ಟೆ ಕೊನೆಗೆ ಹಂಡೆಯಲ್ಲಿ ಕುದಿಯುತ್ತದಲ್ಲ ಎಂದು ನೆಮ್ಮದಿಯಾಗಿದ್ದೆ. ಬಿಸಿಗೆ ಯಾಕೆ ಮಾಯವಾಗುತ್ತದೆ ಎಂದೊಂದನ್ನು ಮಾತ್ರ ಕೇಳಿರಲಿಲ್ಲ. ಆ ಚಾಕ್‌ಪೀಸೂ ಮೇಣದ್ದೇ.

ಇದ್ಯಾವುದೂ ತಿಳಿಯದೆ ಇಡೀ ಹನ್ನೆರಡು ಮೀಟರ್ ಉದ್ದಕ್ಕೂ ಮಂಡಿಯೂರಿ ಹೋದೆ. ಸಣ್ಣ ಅನುಮಾನಕ್ಕೆ ಬರೀ ಪ್ರಶ್ನಾರ್ಥಕ ಚಿಹ್ನೆ. ಸ್ವಲ್ಪ ದೊಡ್ಡದಿದ್ದರೆ ಜೊತೆಗೊಂದು ಮಾತು. ‘ಎಸಳು ಉಲ್ಟಾ?’ ‘ದಪ್ಪ?’ ‘ಮೊಗ್ಗು ಎಲ್ಲಿ?’ ‘ಅವಸರ?’ ಕೊನೆಯ ಮೀಟರಿನಲ್ಲಿ ಒಂದು ಆಕಾರ ಕಂಡು ಎಷ್ಟು ಹೊತ್ತು ನೋಡಿದರೂ ಏನೆಂದು ತಿಳಿಯಲಿಲ್ಲ. ಅದರ ಪಕ್ಕ ‘ಇದು ಹೂವೇ?’ ಎಂದು ಬರೆದೆ. ಒತ್ತಿಯೇ ಬರೆದೆ.

ಏಳುವಷ್ಟರಲ್ಲಿ ಅತ್ತೆ ಕರೆದರು. ನಾಳೆ ಮಾದರಿ ನೋಡಲು ಬರಬಹುದೆಂದು ಹೋಟೆಲಿನವರಿಗೆ ಒಂದು ಪತ್ರ ಬರೆಯಬೇಕಂತೆ. ಎರಡು ಸಾಲಿನ ಪತ್ರ. ‘ದಯವಿಟ್ಟು ಬನ್ನಿ’ ಎಂದರೆ ಅಂಗಲಾಚಿದಂತೆ, ‘ಬರಬಹುದು’ ಎಂದರೆ ಅಪ್ಪಣೆ ಕೊಟ್ಟಂತೆ; ಎರಡರ ನಡುವಿನ ಮಾತು ಸಿಗುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು. ಹಿಂದಿರುಗಿ ಬಂದು ನೋಡಿದರೆ ಕೋಣೆ ಖಾಲಿ. ಅಜ್ಜ ಎದ್ದವರೇ ಟೀಗೆ ಹೋಗಿದ್ದರು. ಬಟ್ಟೆ ಅಂಗಳದ ತೊಟ್ಟಿಯಿಂದ ಹಸಿರಾಗಿ ಮೇಲೆದ್ದು, ಗಾಳಿ ತಾಗಿ ನೀಲಿಯಾಗುತ್ತಿತ್ತು.

“ಬಿಸಿಲು ಚೆನ್ನಾಗಿತ್ತು, ಅದ್ದಿಬಿಟ್ಟೆ,” ಎಂದಳು ನೀಲಿಯಕ್ಕ.

“ಅಕ್ಕಾ, ಅದ್ರ ಮೇಲೆ ಕೆಂಪಗೆ ಏನೋ ಬರೆದಿತ್ತಲ್ಲ, ನೋಡ್ಲಿಲ್ವಾ?”

“ನೋಡದೆ ಏನು? ಓದಿದವಳು ಬರೆದ ಚಿತ್ರ, ಏನಾದ್ರೂ ಅರ್ಥ ಇರಬೇಕು ಅಂದ್ಕೊಂಡೆ.”

ಮರುದಿನ ಬೆಳಿಗ್ಗೆ ಬಟ್ಟೆ ಹಂಡೆಗಿಳಿಯಿತು. ಮೇಣ ಕರಗಿತು. ದೊಡ್ಡಪ್ಪ ಹೇಳಿದಂತೆಯೇ ಕೆಂಪು ಗುರುತು ಮಾಯವಾಗಿ ನೀರಿನ ಮೇಲೆ ತೇಲಿತು. ನೀಲಿಯಕ್ಕ ಉದ್ದನೆಯ ಕೋಲಿನಿಂದ ಬಟ್ಟೆಯ ತುದಿ ಎತ್ತಿದಳು. ತಿಳಿನೀಲಿ ನೆಲದ ಮೇಲೆ ಹಾಲಿನಂಥ ಹೂ ಬಂತು. ಅದರ ಪಕ್ಕದಲ್ಲಿ ಅಷ್ಟೇ ಬೆಳ್ಳಗೆ ನನ್ನ ಕೈಬರಹ ಬಂತು.

ಅತ್ತೆ ಕನ್ನಡಕ ಏರಿಸಿಕೊಂಡರು. “ಎಸಳು ಉಲ್ಟಾ,” ಎಂದು ಓದಿದರು. ಬಟ್ಟೆ ಇನ್ನೂ ಮೇಲೆ ಬಂತು. “ದಪ್ಪ. ಎಸಳು ಉಲ್ಟಾ. ಇದೇನೇ, ಇದು ಬಟ್ಟೆಯೋ ವೈದ್ಯರ ಚೀಟಿಯೋ?”

ನಾನು ಹೇಳಿದೆ. ಹೇಳುವಾಗ ಧ್ವನಿ ಸಣ್ಣದಾಗುತ್ತ ಹೋಯಿತು, ಚಾಕ್‌ಪೀಸಿನ ವಿಷಯಕ್ಕೆ ಬರುವಷ್ಟರಲ್ಲಿ ನೀಲಿಯಕ್ಕ ಕಿವಿ ಹತ್ತಿರ ತರಬೇಕಾಯಿತು. ಕೇಳಿ ಮುಗಿಸಿ ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಹಂಡೆಯ ಆ ಬದಿಗೆ ಹೋದಳು. ಅವಳ ಬೆನ್ನು ಅಲುಗುತ್ತಿತ್ತು.

ಅತ್ತೆ ನಗಲಿಲ್ಲ. “ಹೋಟೆಲಿನ ಮೇಡಂ ಹನ್ನೊಂದು ಗಂಟೆಗೆ ಬರ್ತಾರೆ,” ಎಂದರು. “ನೀನೇ ಅಷ್ಟು ಮರ್ಯಾದೆಯಿಂದ ಕಾಗದ ಬರೆದು ಕರೆದಿದೀಯ.”

ಆಗ ಮೇಣದಜ್ಜ ಬಂದರು. ಬಟ್ಟೆಯನ್ನು ಅಂಗಳದ ಹಗ್ಗಕ್ಕೆ ಉದ್ದಕ್ಕೆ ಹರವಿಯಾಗಿತ್ತು. ಅಜ್ಜನಿಗೆ ಹತ್ತಿರದ್ದು ಕಾಣಿಸುತ್ತದೆ, ಓದಲು ಬರುವುದಿಲ್ಲ. ಬಿಳಿ ಗೆರೆಗಳ ಮೇಲೆ ಬೆರಳಿಟ್ಟು, “ಇದು ನಾನು ಮಾಡಿದ್ದಲ್ಲ,” ಎಂದರು.

“ಅಲ್ಲ ಅಜ್ಜಾ. ನಾನು.”

“ಏನು ಬರೆದಿದೀಯ?”

ನೀಲಿಯಕ್ಕ ಬಹಳ ಸಂತೋಷದಿಂದ ಓದಿ ಹೇಳಿದಳು.

ಅಜ್ಜ ಹಗ್ಗದ ಆ ತುದಿಯವರೆಗೆ ಕಣ್ಣು ಹಾಯಿಸಿದರು. “ಎಷ್ಟಿವೆ ಇಂಥವು?”

“ಅರವತ್ತೊಂದು,” ಎಂದೆ. ಎಣಿಸಿರುತ್ತೇನೆಂದು ಅವರಿಗೆ ಗೊತ್ತಿತ್ತು.

“ಸರಿ. ಒಂದೊಂದಾಗಿ ಆಗ್ಲಿ.”

ಹೀಗೆ ವಿಚಾರಣೆ ಶುರುವಾಯಿತು. ಹಗ್ಗದ ಉದ್ದಕ್ಕೂ ಮುಂದೆ ಅಜ್ಜ, ಹಿಂದೆ ನಾನು, ನಡುವೆ ಓದಿ ಹೇಳಲು ನೀಲಿಯಕ್ಕ. ಮೊದಲನೆಯದು ‘ಎಸಳು ಉಲ್ಟಾ’. ಅಜ್ಜ ಏನೂ ಹೇಳದೆ ಗೇಟು ತೆಗೆದು ಬೀದಿಗೆ ಹೋದರು. ಮುನಿಸಿಕೊಂಡು ಹೊರಟೇಹೋದರೆಂದು ಅತ್ತೆ ನನ್ನ ಕಡೆ ನೋಡಿದ ನೋಟವನ್ನು ನಾನು ಇಲ್ಲಿ ಬರೆಯುವುದಿಲ್ಲ. ಆದರೆ ಅಜ್ಜ ಎದುರಿನ ಬೇಲಿಯಿಂದ ಆರು ದಾಸವಾಳ ಕಿತ್ತುಕೊಂಡು ವಾಪಸು ಬಂದು ಕಲ್ಲಿನ ಮೇಲೆ ಸಾಲಾಗಿ ಇಟ್ಟರು.

“ಎಲ್ಲ ಒಂದೇ ಗಿಡದ್ದು. ನೋಡು.”

ನೋಡಿದೆ. ನಾಲ್ಕು ಹೂವಿನಲ್ಲಿ ಎಡದ ಎಸಳು ಬಲದ್ದರ ಮೇಲಿತ್ತು. ಎರಡರಲ್ಲಿ ಬಲದ್ದು ಎಡದ್ದರ ಮೇಲೆ.

“ಗಿಡಕ್ಕೂ ಒಂದು ಪ್ರಶ್ನೆ ಹಾಕಿ ಬಾ,” ಎಂದರು ಅಜ್ಜ.

ನಾನು ನಾಲ್ಕು ದಿನ ಒಂದೇ ಹೂವನ್ನು ಲೋಟದಲ್ಲಿಟ್ಟುಕೊಂಡು ಬರೆದಿದ್ದೆ. ಇನ್ನೊಂದನ್ನು ನೋಡಿರಲಿಲ್ಲ. ಮೂವತ್ತೆಂಟು ಅನುಮಾನಗಳು ಒಟ್ಟಿಗೆ ಬಿದ್ದುಹೋದವು. ‘ಮೊಗ್ಗು ಎಲ್ಲಿ’ ಎಂದಿದ್ದ ಕಡೆಯೆಲ್ಲ ಬಟ್ಟೆ ಕತ್ತರಿಸುವ ಅಂಚು ಬರುತ್ತದೆಂದೂ, ಮೊಗ್ಗು ಇಟ್ಟಿದ್ದರೆ ಕತ್ತರಿಗೆ ಸಿಕ್ಕು ಅರ್ಧವಾಗುತ್ತಿತ್ತೆಂದೂ ತಿಳಿಯಿತು. ಹೀಗೆ ಇನ್ನೂ ಹದಿನಾರು ಹೋದವು. ‘ಅವಸರ’ ಎಂಬಲ್ಲಿ ಅಜ್ಜ ನಿಂತು, “ಹೌದು, ಅವತ್ತು ಅವಸರ ಇತ್ತು,” ಎಂದು ಒಪ್ಪಿದರು. ಎರಡು ‘ದಪ್ಪ’ವನ್ನೂ, ಬರೀ ಪ್ರಶ್ನಾರ್ಥಕ ಚಿಹ್ನೆಯಿದ್ದ ಮೂರನ್ನೂ ಒಪ್ಪಿದರು. ಕೊನೆಗೆ ‘ಇದು ಹೂವೇ?’ ಬಂತು. ಅದನ್ನು ಓದುವಾಗ ನೀಲಿಯಕ್ಕನೂ ದನಿ ತಗ್ಗಿಸಿದಳು.

ಅಜ್ಜ ಬಗ್ಗಿ, ತಲೆ ವಾರೆ ಮಾಡಿ ನೋಡಿದರು. “ಅಲ್ಲ,” ಎಂದರು. “ಸೀನು ಬಂತು.”

ಒಟ್ಟು ಏಳು ನನ್ನ ಪಾಲಿಗೆ ಉಳಿದವು. ಅರವತ್ತೊಂದರಲ್ಲಿ ಏಳು. ಪರೀಕ್ಷೆಯಲ್ಲಿ ಅಷ್ಟು ಬಂದಿದ್ದರೆ ನಾನು ಮನೆಗೆ ಬರುತ್ತಿರಲಿಲ್ಲ.

“ಇನ್ನು ಇದನ್ನ ಹೇಗೆ ಮುಚ್ಚೋದು?” ಎಂದರು ಅತ್ತೆ.

“ಬಿಳಿ ಹೂವಿಗೆಲ್ಲ ಮತ್ತೆ ಮೇಣ ಹಚ್ಚಬೇಕು,” ಎಂದಳು ನೀಲಿಯಕ್ಕ. “ಬರಹದ ಮೇಲೆ ನಾನು ಸಣ್ಣ ಕುಂಚದಲ್ಲಿ ನೀಲಿ ತುಂಬ್ತೀನಿ. ಆಮೇಲೆ ಇನ್ನೊಂದು ಸಲ ಅದ್ದಿದ್ರೆ ಎಲ್ಲ ಒಂದೇ ಬಣ್ಣ. ಆದ್ರೆ ತಿಳಿನೀಲಿ ಹೋಯ್ತು. ಕಡುನೀಲಿ ಆಗುತ್ತೆ. ಬಣ್ಣ ಏರುತ್ತೆ, ಇಳಿಯಲ್ಲ.”

ಗೇಟು ಸದ್ದಾಯಿತು. ಹನ್ನೊಂದಕ್ಕೆ ಇನ್ನೂ ಕಾಲು ಗಂಟೆ ಇರುವಾಗಲೇ ಹೋಟೆಲಿನ ಮೇಡಂ ಬಂದಿದ್ದರು. ಗಟ್ಟಿ ಮೈಕಟ್ಟಿನ ಹೆಂಗಸು. ಒಳಗೆ ಬರುತ್ತಲೇ ಬೆಂಚಿನ ಅಂಚನ್ನು ಬೆರಳಿನಿಂದ ಒರೆಸಿ ಬೆರಳನ್ನು ನೋಡಿಕೊಂಡರು. ಬಟ್ಟೆ ಅಡಗಿಸಲು ಹೊತ್ತಿರಲಿಲ್ಲ. ಹನ್ನೆರಡು ಮೀಟರ್ ಬಟ್ಟೆಯನ್ನು ಯಾರೂ ಸೆರಗಿನಲ್ಲಿ ಮುಚ್ಚಲಾರರು.

“ಇದು ಹೊಸ ಮಾದರಿ ಮೇಡಂ,” ಎಂದರು ಅತ್ತೆ. ಅವರ ಧೈರ್ಯಕ್ಕೆ ನಾನು ಬೆರಗಾದೆ. “ಊಟ ಮಾಡ್ತಾ ಓದಬಹುದು.”

ಮೇಡಂ ಹಗ್ಗದ ಉದ್ದಕ್ಕೂ ಓದುತ್ತಾ ನಡೆದರು. ಕೊನೆಯವರೆಗೂ ಓದಿದರು. “ನಮ್ಮಲ್ಲಿ ಊಟಕ್ಕೆ ಬಂದವರ ತಟ್ಟೆ ಪಕ್ಕದಲ್ಲಿ ದಪ್ಪ ಅಂತ ಬರೆದಿದ್ರೆ ಅವರು ಇನ್ನೊಂದು ಸಲ ಬರ್ತಾರಾ?”

ಮೇಡಂ ಕೊನೆಯ ಬರಹದ ಮೇಲೆ ಬೆರಳಿಟ್ಟರು.

“ಇದು ಹೂವೇ ಅಂತ ಒಬ್ಬರು ಕೇಳಿದ್ರೆ, ಪಕ್ಕದವರು ಇದು ಊಟವೇ ಅಂತ ಕೇಳ್ತಾರೆ.”

ಅತ್ತೆ ಮತ್ತೇನೋ ಹೇಳಲು ಬಾಯಿ ತೆರೆದರು. ಅವರಿಗಿಂತ ಮೊದಲು ನಾನು ಹೇಳಿದೆ. ಮಾತನ್ನು ಆರಿಸಲು ಕೂರಲಿಲ್ಲ; ಕೂತಿದ್ದರೆ ಮಧ್ಯಾಹ್ನವಾಗುತ್ತಿತ್ತು. “ಮಾದರಿ ಅಲ್ಲ ಮೇಡಂ, ತಪ್ಪು. ಬರೆದದ್ದು ನಾನು. ಸೋಮವಾರದೊಳಗೆ ಸರಿಮಾಡಬಹುದು. ಆದ್ರೆ ತಿಳಿನೀಲಿ ಬರಲ್ಲ, ಕಡುನೀಲಿ ಬರುತ್ತೆ.”

“ನಾನು ಕೇಳಿದ್ದು ತಿಳಿನೀಲಿ.”

“ಹೌದು.”

ಮೇಡಂ ನನ್ನನ್ನೂ ಬಟ್ಟೆಯನ್ನೂ ಒಮ್ಮೆ ನೋಡಿದರು. “ಸೋಮವಾರ ಬಂದು ನೋಡ್ತೀನಿ. ಒಪ್ತೀನಿ ಅಂತ ಹೇಳಿಲ್ಲ,” ಎಂದು ಹೊರಟರು.

ಸೋಮವಾರಕ್ಕೆ ನಾಲ್ಕು ದಿನ. ಅಜ್ಜನೊಬ್ಬರಿಂದ ಆಗುವ ಕೆಲಸವಲ್ಲ. ಅವರೇ ಇನ್ನೊಂದು ಕುಂಚ ತೆಗೆದು ನನ್ನ ಕೈಗೆ ಕೊಟ್ಟರು.

“ಗೆರೆ ಹೊರಗೆ ಹೋದ್ರೆ, ಅಜ್ಜಾ?”

“ಹೋಗುತ್ತೆ.”

“ಮೇಣ ಹೆಚ್ಚಾಗಿ ಬಿದ್ರೆ?”

“ಬೀಳುತ್ತೆ. ನೀನು ಕೇಳ್ತಾ ನಿಂತಿದೀಯಲ್ಲ, ಈಗ ಬಿತ್ತು ನೋಡು.”

ಬಿದ್ದಿತ್ತು. ಕಾದ ಮೇಣ ತುಂಬಿದ ಕುಂಚ ಯೋಚನೆ ಮಾಡಲು ಬಿಡುವುದಿಲ್ಲ. ಕೈ ತಡೆದರೆ ತೊಟ್ಟಿಕ್ಕುತ್ತದೆ, ಇನ್ನೂ ತಡೆದರೆ ಆರಿ ಗಟ್ಟಿಯಾಗುತ್ತದೆ. ಮೊದಲ ದಿನ ನಾನು ಹನ್ನೊಂದು ಹೂ ತುಂಬಿದೆ, ಅದರಲ್ಲಿ ನಾಲ್ಕು ದೊಡ್ಡವಾದವು. ಎರಡನೆಯ ದಿನ ಇಪ್ಪತ್ತೇಳು. ಶನಿವಾರ ನಾನು ಎಣಿಸಲು ಮರೆತೆ. ಅಜ್ಜ ಪಕ್ಕದಲ್ಲಿ ಮಾತಿಲ್ಲದೆ ಹಚ್ಚುತ್ತಿದ್ದರು. ಒಮ್ಮೆ ಮಾತ್ರ, ತಲೆ ಎತ್ತದೆ, “ಇಷ್ಟು ವರ್ಷದಲ್ಲಿ ನನ್ನ ಹೂವನ್ನ ಒಂದೊಂದೇ ಕೂತು ಯಾರೂ ನೋಡಿರಲಿಲ್ಲ,” ಎಂದರು. ನಾನು ಏನಾದರೂ ಹೇಳುವ ಮೊದಲೇ, “ನೋಡದಿದ್ರೇ ಚೆನ್ನಾಗಿತ್ತು,” ಎಂದೂ ಸೇರಿಸಿದರು.

ಭಾನುವಾರ ಅದ್ದಿ ಕುದಿಸಿದೆವು. ಸೋಮವಾರ ಅದರಲ್ಲಿ ಒಂದು ತುಂಡನ್ನು ಇಸ್ತ್ರಿ ಮಾಡಿ ಅತ್ತೆಯ ಊಟದ ಮೇಜಿನ ಮೇಲೆ ಹಾಸಿದೆವು. ಕತ್ತಲಿಳಿದ ಬಾವಿಯ ನೀಲಿ, ಮೇಲೆ ಬಿಳಿ ಹೂ. ಮೂಗು ತಾಗಿಸಿ ನೋಡಿದರೆ ಮಾತ್ರ ನನ್ನ ಕೈಬರಹದ ನೆರಳು ಕಾಣುತ್ತಿತ್ತು. ನಾನು ಮೂಗು ತಾಗಿಸಿ ನೋಡಿದ್ದೆ.

ಮೇಡಂ ಬಂದರು, ನಿಂತು ನೋಡಿದರು, ಕುರ್ಚಿಯಲ್ಲಿ ಕೂತು ನೋಡಿದರು. ಅತ್ತೆ ಟೀ ತಂದುಕೊಟ್ಟರು. ಮೇಡಂ ಲೋಟ ಎತ್ತಿ ಒಂದು ಗುಟುಕು ಕುಡಿದು, ಉಳಿದದ್ದರಲ್ಲಿ ಸ್ವಲ್ಪವನ್ನು ಸಾವಧಾನವಾಗಿ, ಬೇಕೆಂದೇ, ನೀಲಿಯ ಮೇಲೆ ಸುರಿದರು.

ಅಜ್ಜ ಬಾಗಿಲಲ್ಲಿ ನಿಂತಿದ್ದವರು ಗೋಡೆ ಹಿಡಿದುಕೊಂಡರು.

ಮೇಡಂ ಕರವಸ್ತ್ರದಿಂದ ಒತ್ತಿ ಒರೆಸಿ, ಕುರ್ಚಿಗೆ ಒರಗಿ ಕಾದರು. “ಕಾಣಲ್ಲ,” ಎಂದರು. “ತಿಳಿನೀಲಿ ಆಗಿದ್ರೆ ಕಾಣ್ತಿತ್ತು. ದಿನಕ್ಕೆ ನೂರು ಜನ ಚೆಲ್ಲೋ ಜಾಗ ಅದು. ಯಾರೂ ನಂಗೆ ಇದನ್ನ ಹೇಳ್ಲೇ ಇಲ್ಲ.”

ಅತ್ತೆಯ ಮುಖ ಅರಳಿತು. ಸುಮ್ಮನಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು.

“ಬಿಳಿ ಹೂವಿನ ಮೇಲೆ ಬಿದ್ರೆ ಕಾಣುತ್ತೆ ಮೇಡಂ,” ಎಂದೆ.

ಮೇಜಿನ ಕೆಳಗೆ ಅತ್ತೆ ನನ್ನ ಕಾಲು ತುಳಿದರು. ತಡವಾಗಿತ್ತು. ಮೇಡಂ ಲೋಟವನ್ನು ಸರಿಯಾಗಿ ಒಂದು ದಾಸವಾಳದ ಮೇಲೆ ಬಗ್ಗಿಸಿದರು. ಒರೆಸಿದರು. ಹೂವಿನ ಮೂರು ಎಸಳು ಟೀ ಬಣ್ಣಕ್ಕೆ ತಿರುಗಿ ಹಾಗೇ ಉಳಿದವು.

ನಾನು ಮನಸ್ಸಿನಲ್ಲೇ ದೊಡ್ಡಪ್ಪನ ಅಂಗಡಿಯ ಅಳತೆಕೋಲು ಹಿಡಿದು ನಿಂತಿದ್ದೆ.

“ಹೂ ತುಂಬಾ ದೊಡ್ಡದು,” ಎಂದರು ಮೇಡಂ. “ಅರ್ಧ ಮಾಡಿ. ನಡುವೆ ನೀಲಿ ಜಾಸ್ತಿ ಬಿಡಿ. ಲೋಟ ತಟ್ಟೆ ಬರೋ ಕಡೆ ಹೂವೇ ಬೇಡ, ಅಂಚಿಗೆ ಹೋಗ್ಲಿ. ಹೊಸದಾಗಿ ಬರೆದುಕೊಡೋಕೆ ಎಷ್ಟು ದಿನ ಬೇಕು? ಹಾಗೆ ಬಂದ್ರೆ ಮುನ್ನೂರು ಮೀಟರ್ ನಂದು.”

ಅತ್ತೆ ನನ್ನ ಕಾಲಿನ ಮೇಲಿಂದ ಕಾಲು ತೆಗೆದರು. “ಎಷ್ಟು ದಿನ ಬೇಕೇ?”

ನಾಲ್ಕು ಎನ್ನಲು ಹೊರಟೆ. ಆರು ಎಂದರೆ ಕ್ಷೇಮ. ಮೂರು ಎಂದರೆ ಮೆಚ್ಚುತ್ತಾರೆ. “ಐದು,” ಎಂದೆ.

“ಇವಳು ಹೇಳಿದ್ರೆ ಐದೇ,” ಎಂದರು ಬಾಗಿಲಲ್ಲಿದ್ದ ಅಜ್ಜ. “ಅದ್ರಲ್ಲಿ ಎರಡು ದಿನ ಹರಿಯೋಕೆ.”

ಮೇಡಂ ಗೇಟು ದಾಟಿದ ಮೇಲೆ ಅತ್ತೆ ನೇರವಾಗಿ ಹಿಂದಿನ ಕೋಣೆಗೆ ಹೋದರು. ಬಕೆಟ್ಟು ಹೊರಗೆ ಬಂತು, ಕೊಡೆ ಬಂತು. ಟೋಪಿಯನ್ನು ಒಂದು ಕ್ಷಣ ತಿರುಗಿಸಿ ನೋಡಿ ಅದನ್ನೂ ಎಸೆದರು. ಸೆರಗಿನಿಂದ ಮೇಜಿನ ಧೂಳು ಒರೆಸಿ, ಒಂದು ಸ್ಟೂಲು ಎಳೆದು ಹಾಕಿದರು.

“ಕೂತ್ಕೋ. ಏನಾದ್ರೂ ಕೇಳೋದಿದ್ರೆ ಈಗಲೇ ಕೇಳು.”

ಹನ್ನೊಂದು ಇದ್ದವು. ಬೆಳಕು ಎಡದಿಂದ ಬರಬೇಕೇ ಬಲದಿಂದ ಬರಬೇಕೇ ಎಂಬುದು ಅದರಲ್ಲಿ ಮೊದಲನೆಯದು.

“ಏನಿಲ್ಲ ಅತ್ತೆ,” ಎಂದು ಹೇಳಿ ಪೆನ್ಸಿಲ್ ತೆಗೆದುಕೊಂಡೆ.